ನಮ್ಮ ಮನೆಯ ಶೋಕೇಸಿಗೆ ಇಟಲಿ ಬಂದದ್ದು

ಗಾಜಿನ ಹಿಂದೆ ಯಾವ ವಸ್ತುವನ್ನು ಎಲ್ಲಿ ಇಡಬೇಕು ಎಂಬ ವಿಷಯದಲ್ಲಿ ನನ್ನಷ್ಟು ತಿಳಿದವನು ಕುವೈತಿನಲ್ಲಿ ಇನ್ನೊಬ್ಬನಿಲ್ಲ. ಇದನ್ನು ಜಂಬವೆಂದು ತಿಳಿಯಬೇಡಿ. ಜಂಬ ಹೌದು, ಆದರೆ ಅದಕ್ಕೆ ಆಧಾರವಿದೆ. ಇಲ್ಲಿಯ ಮಿರ್ಕಾಬ್ ಪೇಟೆಯ ದೊಡ್ಡದೊಂದು ಅಂಗಡಿಯಲ್ಲಿ, ಬೀದಿಗೆ ಮುಖಮಾಡಿದ ಗಾಜಿನ ಕಿಟಕಿಗಳನ್ನು ಅಲಂಕರಿಸುವುದು ನನ್ನ ಉದ್ಯೋಗ. ಬೊಂಬೆಗೆ ಕೋಟು ತೊಡಿಸಿ, ಬೆನ್ನ ಹಿಂದೆ ಗುಂಡುಸೂಜಿ ಚುಚ್ಚಿ ಅದರ ಸೊಂಟವನ್ನು ಸಣ್ಣಗೆ ಮಾಡುವ ಕಲೆ ನನಗೆ ಸಿದ್ಧಿಸಿದೆ. ನನ್ನ ಸೊಂಟದ ಮಾತು ಬೇರೆ. ಮಂಗಳೂರಿಗೆ ಹೋದಾಗ ಯಾರಾದರೂ "ಅಲ್ಲಿ ಎಂತ ಕೆಲಸ?" ಎಂದು ಕೇಳಿದರೆ ಮಾತ್ರ "ಆಫೀಸಿನಲ್ಲಿ" ಎಂದುಬಿಡುತ್ತೇನೆ. ಬೊಂಬೆಗೆ ಬಟ್ಟೆ ಹಾಕುವುದಕ್ಕೂ ವೀಸಾ ಕೊಡುತ್ತಾರೆ ಎಂದರೆ ನಮ್ಮವರು ನಂಬುವುದಿಲ್ಲ.

ಒಂದು ಬೇಸಿಗೆಯಲ್ಲಿ ನಮ್ಮ ಮಾಲೀಕರು ಮಿಲಾನಿಗೆ ಹೋಗಿ, ಅಲ್ಲಿಯ ಮಹಾ ಇಗರ್ಜಿಯ ಪಕ್ಕದಲ್ಲಿರುವ ದೊಡ್ಡ ಅಂಗಡಿಯನ್ನು ನೋಡಿ ಮರುಳಾಗಿ ಬಂದರು. ಬರುವಾಗ ನಮಗೆ ಪಾಠ ಹೇಳಲೆಂದು ಇಟಲಿಯ ಒಬ್ಬ ವಯಸ್ಸಾದ ಮೇಡಮ್ಮನ್ನೂ ಗೊತ್ತುಮಾಡಿಕೊಂಡು ಬಂದರು. ಆಕೆ ಕಿಟಕಿಯ ವಿಷಯ ಹೇಳುವ ಮೊದಲು ಆ ಅಂಗಡಿಯ ಇಡೀ ಚರಿತ್ರೆಯನ್ನೇ ಹೇಳಿದರು. ಇಬ್ಬರು ಅಣ್ಣತಮ್ಮಂದಿರು ಸಿದ್ಧ ಉಡುಪು ಮಾರಲು ಶುರುಮಾಡಿದ್ದು. ದರ್ಜಿಯ ಮುಂದೆ ನಿಂತು ಅಳತೆ ಕೊಡುವ ಯೋಗವಿಲ್ಲದ ಗುಮಾಸ್ತರೂ ಸೂಟು ಹಾಕುವಂತಾದದ್ದು. ಮುಂದೆ ಹೊಸ ಮಾಲೀಕರು ಬಂದಾಗ ಕವಿಯೊಬ್ಬ ಅದಕ್ಕೆ ಮರುಹುಟ್ಟು ಎಂಬರ್ಥದ ಹೆಸರಿಟ್ಟದ್ದು. ಹೆಸರಿಟ್ಟು ಸ್ವಲ್ಪ ಕಾಲದಲ್ಲೇ ಅಂಗಡಿ ಬೆಂಕಿಗೆ ಆಹುತಿಯಾಯಿತಂತೆ. ಹೆಸರಿನ ಮರ್ಯಾದೆ ಉಳಿಯಬೇಕಲ್ಲ, ಮತ್ತೆ ಕಟ್ಟಿದರು. ಯುದ್ಧದಲ್ಲಿ ಬಾಂಬು ಬಿತ್ತು, ಮತ್ತೂ ಕಟ್ಟಿದರು. ಹೆಸರಾಂತ ಚಿತ್ರಕಾರರು ಅದರ ಜಾಹೀರಾತು ಬರೆದರು. ಮನೆಬಳಕೆಯ ಸಾಮಾನಿಗೂ ರೂಪ ಚೆನ್ನಾಗಿದೆಯೆಂದು ಬಹುಮಾನ ಕೊಟ್ಟು, ಚೆಂದ ಎನ್ನುವುದು ಅರಮನೆಯವರಿಗೆ ಮಾತ್ರವಲ್ಲ, ಅಡಿಗೆಮನೆಗೂ ಬೇಕು ಎಂದು ಇಡೀ ದೇಶಕ್ಕೆ ಕಲಿಸಿದರು. ಅಲ್ಲಿ ಕಿಟಕಿ ಅಲಂಕರಿಸುತ್ತಿದ್ದ ತರುಣನೊಬ್ಬ ಮುಂದೆ ಜಗತ್ತಿಗೇ ಬಟ್ಟೆ ತೊಡಿಸುವವನಾದ ಎಂದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಪಕ್ಕದಲ್ಲಿದ್ದ ನಮ್ಮ ಕಂಪನಿಯ ಸಬ್ಹಾನ್ ಕಡೆಯ ಗೋಡೌನಿನ ಹಮೀದ್, ಬಂಟ್ವಾಳದ ಕಡೆಯ ಬ್ಯಾರಿ, ಮೊಣಕೈಯಿಂದ ತಿವಿದು, "ಬೆನ್ನಿಯಣ್ಣ, ಇನ್ನು ನಿಮ್ಮದೇ ನಂಬರು" ಎಂದ. ಅವನು ತಮಾಷೆಗೆ ಹೇಳಿದ್ದು. ನಾನು ಹಾಗೆ ತೆಗೆದುಕೊಳ್ಳಲಿಲ್ಲ.

ಮೇಡಮ್ಮಿನ ಮುಖ್ಯ ಸೂತ್ರ ಇದು: ಕಿಟಕಿ ಗೋಡೌನ್ ಅಲ್ಲ, ಒಂದೇ ವಸ್ತು ಇಡಿ, ಸುತ್ತಲೂ ಜಾಗ ಬಿಡಿ, ಆ ಖಾಲಿ ಜಾಗವೇ ವಸ್ತುವಿಗೆ ಮರ್ಯಾದೆ ಕೊಡುತ್ತದೆ. ಅಂದು ಸಂಜೆ ಮನೆಗೆ ಬಂದು ನಮ್ಮ ಹಾಲ್‌ನಲ್ಲಿದ್ದ ಶೋಕೇಸ್ ನೋಡಿದೆ. ಅಯ್ಯೋ ದೇವರೇ! ಗಲ್ಫಿನಲ್ಲಿರುವ ನಮ್ಮವರ ಮನೆಗಳಲ್ಲಿ ಶೋಕೇಸ್ ಹೇಗಿರುತ್ತದೆಂದು ಕಂಡವರಿಗೆ ಗೊತ್ತು. ಯಾರೂ ಉಣ್ಣದ ಡಿನ್ನರ್ ಸೆಟ್ಟು, ಪ್ಲಾಸ್ಟಿಕ್ ಬಿಚ್ಚದ ಬೊಂಬೆ, ಬಣ್ಣದ ಮರಳಿನ ಬಾಟಲಿ, ಒಂಟೆ, ತಾಜಮಹಲು, ವೇಳಾಂಕಣಿ ಮಾತೆ, ಮಗಳು ಲವೀನಾ ಶಾಲೆಯಲ್ಲಿ ಗೆದ್ದ ಕಪ್ಪುಗಳು, ಚಾಕೊಲೇಟ್ ಮುಗಿದರೂ ಉಳಿದ ಡಬ್ಬಿಗಳು. ಇದರಲ್ಲಿ ಒಂದನ್ನೂ ಅಲ್ಲಾಡಿಸುವಂತಿಲ್ಲ. ಯಾಕೆಂದರೆ ಪ್ರತಿಯೊಂದನ್ನೂ ಯಾರೋ ಕೊಟ್ಟದ್ದು, ಮತ್ತು ಕೊಟ್ಟವರು ಯಾವ ಶುಕ್ರವಾರದ ರಜೆಯಲ್ಲಿ ಬೇಕಾದರೂ ಬಂದಾರು. ಬಂದವರು ಮೊದಲು ಮನೆಯವರ ಮುಖ ನೋಡುವುದಿಲ್ಲ, ಶೋಕೇಸ್ ನೋಡುತ್ತಾರೆ.

ಇದು ಕುಶಾಲಿನ ಮಾತಲ್ಲ. ನನ್ನ ಹೆಂಡತಿ ಸೆವ್ರಿನ್‌ಗೆ ಈ ದೇಶದಲ್ಲಿ ಒಡಹುಟ್ಟಿದವನೆಂದರೆ ಒಬ್ಬನೇ, ಅವಳ ಅಣ್ಣ ವಲೇರಿಯನ್. ಅವನ ಹೆಂಡತಿ ಹಿಲ್ಡಾಬಾಯಿ ನಮಗೊಂದು ಗಾಜಿನ ಹಂಸ ಕೊಟ್ಟಿದ್ದರು. ಒಮ್ಮೆ ಬಂದಾಗ ಅದು ಡಿನ್ನರ್ ಸೆಟ್ಟಿನ ಸೂಪಿನ ಬೋಗುಣಿಯ ಹಿಂದೆ ಸೇರಿಕೊಂಡಿತ್ತು. ಹಿಲ್ಡಾಬಾಯಿ ಕಣ್ಣಲ್ಲೇ ಹುಡುಕಿದರು, ಸಿಗಲಿಲ್ಲ. ಚಹಾ ಅರ್ಧ ಬಿಟ್ಟು ಎದ್ದರು. ಆಮೇಲೆ ಬರುವುದು ನಿಂತಿತು, ಫೋನ್ ನಿಂತಿತು, ಇಗರ್ಜಿಯಲ್ಲಿ ಎದುರಾದರೆ ಅಣ್ಣ ತಲೆ ತಗ್ಗಿಸಿ ಹೋಗತೊಡಗಿದ. ಸೆವ್ರಿನ್ ಪೂಜೆ ಮುಗಿಸಿ ಬಂದು ಸುಮ್ಮನೆ ಈರುಳ್ಳಿ ಕೊಚ್ಚುತ್ತಿದ್ದಳು, ಬೇಕಾದ್ದಕ್ಕಿಂತ ಹೆಚ್ಚು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಅಣ್ಣನ ಫೋನ್ ಬಂತು. ಅವರ ಮಗಳ ಮದುವೆ ಗೊತ್ತಾಗಿದೆ, ಕರೆಯಲು ಶುಕ್ರವಾರ ಇಬ್ಬರೂ ಬರುತ್ತಾರೆ.

"ಹಂಸವನ್ನು ಎದುರಿಗೆ ಇಡಬೇಕು. ಈ ಸಲ ಎಂತಾದ್ರೂ ತಪ್ಪಾದ್ರೆ ಅಣ್ಣ ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ" ಎಂದಳು ಸೆವ್ರಿನ್.

"ಎದುರಿಗೆ ಇಡುವುದು ಎಲ್ಲರೂ ಮಾಡ್ತಾರೆ. ಇದನ್ನು ನನಗೆ ಬಿಡು" ಎಂದೆ. ಇಟಲಿಯಲ್ಲಿ ಕಲಿತವನಂತೆಯೇ ಹೇಳಿದೆ. ಗುರುವಾರ ಕೆಲಸದಿಂದ ಬೇಗ ಬಂದು ಇಡೀ ಶೋಕೇಸನ್ನು ಖಾಲಿ ಮಾಡಿ, ಸಾಮಾನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಮಂಚದಡಿಗೆ ತಳ್ಳಿದೆ. ಒಳಗೆ ಕಪ್ಪು ಬಟ್ಟೆ ಹಾಸಿ, ನಟ್ಟನಡುವೆ ಹಂಸ ಒಂದನ್ನೇ ಇಟ್ಟು, ಮೇಲಿಂದ ಬೆಳಕು ಬಿಟ್ಟೆ. ನಿಜ ಹೇಳುತ್ತೇನೆ, ನನ್ನ ಕೈಯನ್ನು ನಾನೇ ಕಣ್ಣಿಗೊತ್ತಿಕೊಂಡೆ, ಅಷ್ಟು ಚೆನ್ನಾಗಿತ್ತು. ಲವೀನಾ ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತು, "ಪಪ್ಪಾ, ಡಿಡ್ ವೀ ಗೆಟ್ ರಾಬ್ಡ್?" ಎಂದಳು. ಮಕ್ಕಳಿಗೆ ಕಲೆ ಗೊತ್ತಾಗುವುದಿಲ್ಲ.

ಶುಕ್ರವಾರ ಅವರು ಬಂದರು. ಹಿಲ್ಡಾಬಾಯಿ ಒಳಗೆ ಕಾಲಿಟ್ಟವರೇ ಶೋಕೇಸ್ ಕಡೆ ನೋಡಿದರು. ನೋಡಿದವರು ಅಲ್ಲೇ ನಿಂತರು, ಬಾಯಿಗೆ ಕೈ ಹೋಯಿತು, ಕಣ್ಣು ತುಂಬಿತು. ನಾನು ಕಪಾಟಿನ ಪಕ್ಕ, ಚಿತ್ರಕಾರ ತನ್ನ ಚಿತ್ರದ ಪಕ್ಕ ನಿಲ್ಲುವ ಹಾಗೆ ನಿಂತಿದ್ದೆ.

"ಸೆವ್ರಿನ್, ಯಾವಾಗ ಹೊರಡುವುದು ನೀವು?" ಎಂದರು ಹಿಲ್ಡಾಬಾಯಿ.

ವಲೇರಿಯನ್ ನನ್ನ ಎರಡೂ ಕೈ ಹಿಡಿದುಕೊಂಡ. "ನಾವು ಸತ್ತಿದ್ದೇವಾ ಬೆನ್ನಿ? ಕೆಲಸ ಹೋಯ್ತು ಅಂತ ಒಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ ನಿನಗೆ? ನನಗೆ ವೀಸಾ ಕೊಟ್ಟ ಕಫೀಲ್ ಹತ್ತಿರ ನಾಳೆಯೇ ಮಾತಾಡ್ತೇನೆ."

ಆಗ ನನಗೆ ಹೊಳೆಯಿತು. ಮಿಲಾನಿನಲ್ಲಿ ಖಾಲಿ ಜಾಗಕ್ಕೆ ಏನರ್ಥವೋ ಇರಲಿ, ಕುವೈತಿನ ನಮ್ಮವರಲ್ಲಿ ಬರಿದಾದ ಶೋಕೇಸಿಗೆ ಒಂದೇ ಅರ್ಥ: ಕೆಲಸ ಖಲಾಸ್, ಇಲ್ಲಿರಲು ಬೇಕಾದ ಇಕಾಮಾ ರದ್ದು, ಸಾಮಾನೆಲ್ಲ ಊರಿಗೆ ಕಳಿಸಲು ಕಾರ್ಗೋಕ್ಕೆ ಹೋಗಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಲ್ಡಾಬಾಯಿ ಸೆವ್ರಿನ್‌ಳನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತರು. "ಎಲ್ಲ ಕಾರ್ಗೋಕ್ಕೆ ಹಾಕಿ ನನ್ನ ಹಂಸ ಒಂದನ್ನು ಕೈಯಲ್ಲಿ ತಗೊಂಡು ಹೋಗ್ಲಿಕ್ಕೆ ಇಟ್ಟಿದ್ದೀಯಲ್ಲ ಮಾರಾಯ್ತಿ! ನಾನು ನಿನ್ನ ಬಗ್ಗೆ ಎಂತೆಲ್ಲ ಹೇಳಿದೆ!" ಸೆವ್ರಿನ್ ಅತ್ತಿಗೆಯ ಹೆಗಲ ಮೇಲಿಂದ ನನ್ನನ್ನು ನೋಡಿದಳು. ಆ ನೋಟದ ಅರ್ಥ, ಉಸಿರು ಬಿಟ್ಟರೆ ಜಾಗ್ರತೆ. ಅಣ್ಣನ ಕೈ ಅವಳ ತಲೆಯ ಮೇಲಿತ್ತು. ನಾನು ಉಸಿರು ಬಿಡಲಿಲ್ಲ.

ಊಟ ಮುಗಿಯುವುದರೊಳಗೆ ಹಿಲ್ಡಾಬಾಯಿ ಫೋನಿನಲ್ಲಿ ಅರ್ಧ ಕುವೈತಿಗೆ ನಮ್ಮ ಕಷ್ಟ ತಿಳಿಸಿ ಮುಗಿಸಿದ್ದರು. ಇನ್ನರ್ಧಕ್ಕೆ ಸುದ್ದಿ ತಾನಾಗಿಯೇ ಹೋಯಿತು. ಮೊದಲು ಬಾಗಿಲು ತಟ್ಟಿದ್ದು ಹಮೀದ್.

"ಬೆನ್ನಿಯಣ್ಣ, ನಿನ್ನೆ ಒಟ್ಟಿಗೆ ಚಾ ಕುಡಿದದ್ದಲ್ವಾ ನಾವು? ಊರಿಗೆ ಹೊರಟದ್ದನ್ನು ನನಗಾದ್ರೂ ಹೇಳ್ಬಾರದಾ? ಇರ್ಲಿ, ಅಲ್ಲಾಹು ಇದ್ದಾನೆ. ಹೊರಡುವಾಗ ಫ್ರಿಜ್ ಕೊಡ್ತೇನೇಂತ ಯಾರಿಗೂ ಹೇಳ್ಲಿಲ್ಲ ಅಲ್ವಾ?"

"ಒಂದೇ ಕಂಪನಿಯಲ್ಲಿದ್ದು ಇವನ ಕೆಲಸ ಹೋದದ್ದು ನಿಮಗೆ ಗೊತ್ತಿಲ್ವಾ?" ಎಂದ ವಲೇರಿಯನ್.

"ಕೆಲಸ ಎಲ್ಲಿ ಹೋದದ್ದು? ನಾಳೆ ಕಿಟಕಿ ಬದಲಿಸ್ಲಿಕ್ಕೆ ಇವರೇ ನನ್ನ ಹತ್ರ ಬೊಂಬೆ ಕೇಳಿದ್ದು!"

ವಲೇರಿಯನ್ ನನ್ನ ಕಡೆ ತಿರುಗಿದ. ಸೆವ್ರಿನ್‌ಳ ಮುಖ ಬಿಳುಚಿಕೊಂಡಿತು. ಹಮೀದ್ ಫ್ರಿಜ್ಜನ್ನೊಮ್ಮೆ ಆಸೆಯಿಂದ ನೋಡಿ ಹೊರಟುಹೋದ. ಇನ್ನು ನನಗೆ ಉಳಿದ ದಾರಿ ಒಂದೇ, ಇಟಲಿ. ಅಣ್ಣತಮ್ಮಂದಿರಿಂದ ಶುರುಮಾಡಿದೆ. ಬೆಂಕಿ ಹೇಳಿದೆ, ಬಾಂಬು ಹೇಳಿದೆ, ಕವಿ, ಚಿತ್ರಕಾರ, ಬಹುಮಾನ, ಒಂದೇ ವಸ್ತುವಿನ ಮರ್ಯಾದೆ, ಒಂದನ್ನೂ ಬಿಡಲಿಲ್ಲ. ಕೊನೆಗೆ ಮಂಚದಡಿಯ ಪೆಟ್ಟಿಗೆಗಳನ್ನೂ ಎಳೆದು ತೋರಿಸಿದೆ. ಅಷ್ಟು ಚೆನ್ನಾಗಿ ಆ ಚರಿತ್ರೆಯನ್ನು ಮೇಡಮ್ಮೂ ಹೇಳಿರಲಿಲ್ಲ.

ಸೆವ್ರಿನ್ ಅಳುವ ದನಿಯಲ್ಲಿ, "ಸುಳ್ಳು ಹೇಳ್ಬೇಕೂಂತ ಅಲ್ಲ ಅತ್ತಿಗೆ. ಅಣ್ಣ ಪುನಃ ಹೋಗಿಬಿಟ್ರೆ ಅಂತ ಹೆದರಿದೆ" ಎಂದಳು.

ಹಿಲ್ಡಾಬಾಯಿ ಹಂಸವನ್ನು ನೋಡಿದರು, ಪೆಟ್ಟಿಗೆಗಳನ್ನು ನೋಡಿದರು, ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ ಹೇಳಿದರು: "ಕೆಲಸ ಹೋಗ್ಲಿಲ್ಲ ವಲ್ಲಿ, ಇವರ ತಲೆ ಹೋದದ್ದು. ಇಂಥವರ ಹತ್ರ ಇವಳೊಬ್ಬಳನ್ನೇ ಬಿಡುವುದು ಹೇಗೆ? ಇನ್ನು ಪ್ರತಿ ಶುಕ್ರವಾರ ಬರುವ."

ಹೇಳಿದಂತೆ ಬರುತ್ತಾರೆ. ಅತ್ತಿಗೆ ನಾದಿನಿ ಅಡಿಗೆಮನೆಯಲ್ಲಿ ಕೂತು ನನ್ನ ಹೆಸರು ತೆಗೆದು ನಗುವುದು ಹಾಲ್‌ವರೆಗೂ ಕೇಳುತ್ತದೆ. ನಾನು ಇಟಲಿಯ ವಿಷಯವೆತ್ತಿದರೆ ಹಿಲ್ಡಾಬಾಯಿ ಪಾಪ ಎಂಬ ಮುಖ ಮಾಡಿ ನನ್ನ ಬಟ್ಟಲಿಗೆ ಇನ್ನೊಂದು ಅಂಜಲ್ ಮೀನಿನ ತುಂಡು ಹಾಕುತ್ತಾರೆ. ಈಗೀಗ ನಾನು ಬೇಕೆಂದೇ ಎತ್ತುತ್ತೇನೆ.