ಗುಬ್ಬಿ ಬೆಲ್ಲೂ ರೋಲಿಂಗ್ ಶೀಲ್ಡೂ

ಚೀಂವ್ ಚೀಂವ್ ಚೀಂವ್... ಚಿರ್‌ರ್‌ರ್!

ಇದು ಹಕ್ಕಿಯ ದನಿಯಲ್ಲ, ಕಾಲಿಂಗ್ ಬೆಲ್ಲಿನದು. ಗುಬ್ಬಿಯೊಂದು ಖುಷಿಯಾಗಿ ಹಾಡಲು ಶುರುಮಾಡಿ, ಅರ್ಧದಲ್ಲಿ ಯಾರೋ ಅದರ ಕತ್ತು ಹಿಸುಕಿದ ಹಾಗಿರುವ ಆ ಸದ್ದು ಕೇಳಿದಾಗಲೆಲ್ಲ ನನಗೆ ಈಗಲೂ ಬೆವರುತ್ತದೆ. ಕಾನ್ವೆಂಟಿನಲ್ಲಿ ಕಲಿತು, ಅರವತ್ತೆಂಟನೇ ವಯಸ್ಸಿನ ತನಕ ಜೋಪಾನವಾಗಿ ಕಾಪಾಡಿಕೊಂಡು ಬಂದ ನನ್ನ ಜನರಲ್ ನಾಲೆಡ್ಜ್ ಆ ಸದ್ದಿನೊಂದಿಗೇ ಮಣ್ಣುಪಾಲಾಯಿತು. ಕುವೈತಿನಲ್ಲಿ ಮಣ್ಣೆಲ್ಲಿಂದ ಬರಬೇಕು? ಮರಳುಪಾಲು ಎನ್ನಿ.

ಇಲ್ಲಿಯ ಕನ್ನಡಿಗರು ಯುಗಾದಿಯ ಸಮಯದಲ್ಲಿ ಒಂದು ಕ್ವಿಜ್ ನಡೆಸುತ್ತಾರೆ. ಇಬ್ಬಿಬ್ಬರ ಟೀಮು. ಇತಿಹಾಸ, ಸಾಹಿತ್ಯ, ವಿಜ್ಞಾನ, ಪುರಾಣ, ಎಲ್ಲ ಸೇರಿದ ಚಿತ್ರಾನ್ನ. ಗೆದ್ದವರ ಹೆಸರನ್ನು ರೋಲಿಂಗ್ ಶೀಲ್ಡಿನ ಮೇಲಿರುವ ಪುಟ್ಟ ಪುಟ್ಟ ತಗಡುಗಳಲ್ಲಿ ಕೆತ್ತಿಸುತ್ತಾರೆ. ನಮ್ಮ ಟೀಮಿನಲ್ಲಿ ನಾನು ಮತ್ತು ಸಿಸಿಲಿಯಾ ಬಾಯಿ. ಅಬು ಹಲೀಫಾದ ನಮ್ಮ ಕಟ್ಟಡದಲ್ಲಿ ಅವರ ಮನೆ ನಮ್ಮ ಮನೆಯ ಮೇಲೆಯೇ. ಉಡುಪಿಯ ಕಡೆಯವರು, ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ರಿಟೈರ್ ಆದವರು. ಅವರ ಮುಂದೆ ಡಾಕ್ಟರುಗಳೇ ನಿಂತು ಮಾತಾಡುತ್ತಿದ್ದರಂತೆ. ನಾವು ಪ್ರತಿ ವರ್ಷ ಸೇರುತ್ತಿದ್ದೆವು, ಪ್ರತಿ ವರ್ಷ ಒಬ್ಬ ಡೆಂಟಿಸ್ಟ್ ಮತ್ತು ಅವರ ಹೆಂಡತಿ ನಮ್ಮನ್ನು ಸೋಲಿಸುತ್ತಿದ್ದರು. ಹಲ್ಲು ಕಿತ್ತಷ್ಟೇ ಸಲೀಸಾಗಿ!

ಆ ವರ್ಷ ಮಾತ್ರ ಸೋಲುವ ಹಾಗಿರಲಿಲ್ಲ. ಸಿಸಿಲಿಯಾ ಬಾಯಿಯ ಯಜಮಾನರು ಲಾರೆನ್ಸ್ ಅವರಿಗೆ ಶುವೈಖ್ ಗೋದಾಮಿನ ಕೆಲಸ ಖಲಾಸ್ ಆಗಿತ್ತು. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಮುಗಿಯುವುದರೊಳಗೆ ಗಂಡ ಹೆಂಡತಿ ಊರಿಗೆ ಹೊರಡಬೇಕು, ಫಾರ್ ಗುಡ್. ಒಂದು ಸಂಜೆ ಸಮುದ್ರದ ಬದಿಯ ಬೆಂಚಿನ ಮೇಲೆ ಥರ್ಮಾಸ್ ಟೀ ಕುಡಿಯುತ್ತಾ ಅವರು ಹೇಳಿದರು:

"ನೋಡಿ ವಸಂತಕ್ಕ, ನನ್ನ ಅರ್ಧ ಆಯುಷ್ಯ ಇಲ್ಲಿಯೇ ಹೋಯ್ತು. ಈ ಊರಲ್ಲಿ ನನ್ನ ಹೆಸರು ಎಲ್ಲಿ ಉಂಟು ಹೇಳಿ? ಸಿವಿಲ್ ಐಡಿ ಕಾರ್ಡಲ್ಲಿ ಮಾತ್ರ. ಅದನ್ನು ಸಹ ವಾಪಸ್ ಕೊಟ್ಟೇ ಹೋಗ್ಬೇಕು."

ನಾನು ಟೀ ಕಪ್ಪು ಕೆಳಗಿಟ್ಟೆ. "ಶೀಲ್ಡ್ ಮೇಲೆ ಇರುತ್ತೆ. ಬಿಡಿ, ಈ ಸಲ ಕೆತ್ತಿಸಿಯೇ ಬಿಡೋಣ" ಎಂದೆ.

"ಹೇಗೆ? ಆ ಹಲ್ಲು ಡಾಕ್ಟ್ರಿಗೆ ರಜೆ ಉಂಟಾ?"

"ಪ್ರಾಕ್ಟೀಸ್ ಮಾಡೋಣ ಕಣ್ರೀ!"

ಹೀಗೆ ನಮ್ಮ ಐತಿಹಾಸಿಕ ಸಿದ್ಧತೆ ಆರಂಭವಾಯಿತು. ಆರಂಭದಲ್ಲೇ ಒಂದು ಆಘಾತಕಾರಿ ಸತ್ಯವೂ ಹೊರಬಿತ್ತು. ಇಷ್ಟು ವರ್ಷ ನಾವು ಪುರಾಣದ ಸುತ್ತು ಬಂದಾಗಲೆಲ್ಲ ಮಹಾಭಾರತ ನನಗೆ, ಬೈಬಲ್ ಅವರಿಗೆ ಎಂದು ಹಂಚಿಕೊಂಡಿದ್ದೆವು. ಯಾರೂ ಹೇಳಿಕೊಟ್ಟದ್ದಲ್ಲ, ಹೆಸರು ನೋಡಿದರೆ ಅದೇ ಸರಿ ತಾನೆ? ಈಗ ಕೂತು ಪರೀಕ್ಷಿಸಿದರೆ, ಅವರಿಗೆ ಹಳೆಯ ಒಡಂಬಡಿಕೆ ಎಂದರೆ ಸೃಷ್ಟಿ, ಹಾವು, ಸೇಬು. ಮುಂದೆ ಮಸುಕು ಮಸುಕು. ನನಗೆ ಮಹಾಭಾರತವೆಂದರೆ ಜೂಜು, ಸೀರೆ, ಯುದ್ಧ. ಅಲ್ಲಿಗೆ ಮಂಗಳ!

ಆದರೆ ಮೈಸೂರಿನ ಕಾನ್ವೆಂಟಿನಲ್ಲಿ ನನಗೆ ಬೈಬಲ್ ಪಾಠದ ಸ್ಕ್ರಿಪ್ಚರ್ ಪ್ರೈಜ್ ಬಂದಿತ್ತು. ಕ್ರಿಶ್ಚಿಯನ್ ಹುಡುಗಿಯರಿಗೆ ಬೈಬಲ್ ಕಥೆಗಳ ಕ್ಯಾಟೆಕಿಸಮ್, ನಮ್ಮಂಥವರಿಗೆ ಮಾರಲ್ ಸೈನ್ಸ್. ಮಾರಲ್ ಸೈನ್ಸಿನಲ್ಲಿ ಕಥೆಗಳಿರಲಿಲ್ಲ, ಬರೀ ಬುದ್ಧಿವಾದ. ನಾನು ಆ ಕ್ಲಾಸು ಬಿಟ್ಟು ಪಕ್ಕದ ಕ್ಲಾಸಿನ ಕಿಟಕಿಯ ಕೆಳಗೆ ಕೂತುಬಿಡುತ್ತಿದ್ದೆ. ಸಿಸ್ಟರ್ ಒಂದು ದಿನ ಹಿಡಿದು, ಬೈಯುವ ಬದಲು ಒಳಗೇ ಕೂರಿಸಿಕೊಂಡರು. ಇನ್ನು ಸಿಸಿಲಿಯಾ ಬಾಯಿಯ ತವರಿನಲ್ಲಿ, ಅವರದ್ದೇ ಬೇಸಾಯ ಮುಗಿದ ಗದ್ದೆಯಲ್ಲಿ ಮೇಳದವರು ಯಕ್ಷಗಾನ ಆಡುತ್ತಿದ್ದರಂತೆ. ಜಾಗ ಕೊಟ್ಟವರ ಮಗಳೆಂದು ಎದುರಿನ ಕುರ್ಚಿ. ಅಶ್ವಮೇಧದ ಕುದುರೆ ಯಾವ ಯಾವ ರಾಜ್ಯಕ್ಕೆ ಹೋಯಿತು, ಯಾರ್‍ಯಾರು ಕಟ್ಟಿಹಾಕಿದರು, ಎಲ್ಲ ಕಂಠಪಾಠ!

"ಹಾಗಾದ್ರೆ ಸಿಂಪಲ್" ಎಂದರು ನಮ್ಮ ಯಜಮಾನರು. ಅವರು ಇಂಜಿನಿಯರ್, ಎಲ್ಲವೂ ಅವರಿಗೆ ಸಿಂಪಲ್. "ಅದಲು ಬದಲು ಮಾಡ್ಕೊಳ್ಳಿ."

"ಎಂತ ಹೇಳ್ತೀರಿ ಭಾವ!" ಸಿಸಿಲಿಯಾ ಬಾಯಿ ಹೌಹಾರಿದರು. "ಈ ಸಲ ಚೀಫ್ ಗೆಸ್ಟ್ ನಮ್ಮ ಫಾದರ್. ಅವರ ಎದುರು ಬೈಬಲ್ ಪ್ರಶ್ನೆಗೆ ವಸಂತಕ್ಕ ಉತ್ತರ ಹೇಳಿದ್ರೆ ನಾನು ಮುಂದಿನ ಭಾನುವಾರ ಪೂಜೆಗೆ ಹೇಗೆ ಹೋಗುದು?"

ನನ್ನ ಅವಸ್ಥೆಯೂ ಬೇರೆಯಲ್ಲ. ನಮ್ಮ ಭಜನಾ ಮಂಡಳಿಯ ಹೆಂಗಸರು ಎರಡನೇ ಸಾಲಿನಲ್ಲಿ ಕೂರುತ್ತಾರೆ. ಅವರಿಗೆ ಪ್ರತಿ ವಾರ ಕೃಷ್ಣನ ಮಹಿಮೆ ವಿವರಿಸುವವಳು ನಾನು!

ಕೊನೆಗೆ ಒಂದು ಗುಪ್ತ ಒಪ್ಪಂದವಾಯಿತು. ಬೆಲ್ ಒತ್ತುವುದು, ಉತ್ತರ ಹೇಳುವುದು ಅವರವರ ಧರ್ಮದ ಪ್ರಕಾರ. ಕಿವಿಯಲ್ಲಿ ಉಸುರುವುದು ಗೊತ್ತಿದ್ದವರು. ಇಬ್ಬರ ಮಾನವೂ ಉಳಿಯುತ್ತದೆ, ಶೀಲ್ಡೂ ಬರುತ್ತದೆ! ವಿಶ್ವದ ಯಾವ ರಾಯಭಾರಿಯೂ ಇಷ್ಟು ಚೆಂದದ ಟ್ರೀಟಿ ಬರೆದಿರಲಾರ ಎಂದು ನಾವು ಬೀಗಿದೆವು.

ಕ್ವಿಜ್ ದಿನ ಬಂತು. ಬಾಡಿಗೆಗೆ ತಂದ ಬಜರ್‌ಗಳು ಕೈಕೊಟ್ಟಿದ್ದರಿಂದ ಕ್ವಿಜ್ ಮಾಸ್ಟರ್ ಪ್ರಶಾಂತ, ಬ್ಯಾಂಕಿನಲ್ಲಿರುವ ಹುಡುಗ, ಅಂಗಡಿಗೆ ಓಡಿ ನಾಲ್ಕು ಕಾಲಿಂಗ್ ಬೆಲ್ ತಂದಿದ್ದ. ಪ್ರತಿ ಬೆಲ್ಲಿನ ಮೇಲೂ ಟೀಮಿನ ಹೆಸರು ಬರೆದ ಸ್ಟಿಕ್ಕರ್. ಡೆಂಟಿಸ್ಟರಿಗೆ ಗಂಭೀರವಾದ ಡಿಂಗ್‌ಡಾಂಗ್. ಒಂದಕ್ಕೆ ಸಂಗೀತ. ಇನ್ನೊಂದು "ಪ್ಲೀಸ್ ಓಪನ್ ದ ಡೋರ್" ಎನ್ನುತ್ತಿತ್ತು. ನಮಗೆ ಗುಬ್ಬಿ.

"ರೂಲ್ಸ್ ಕೇಳಿ" ಎಂದ ಪ್ರಶಾಂತ. "ಬೆಲ್ ಒತ್ತಿದವರೇ ಉತ್ತರ ಹೇಳ್ಬೇಕು. ಪ್ರಶ್ನೆ ಮುಗಿಯೋ ಮುಂಚೆನೂ ಒತ್ಬಹುದು, ತಪ್ಪಾದ್ರೆ ಮೈನಸ್. ಪ್ರಾಂಪ್ಟಿಂಗ್ ಇಲ್ಲ."

ಆರಂಭ ಭರ್ಜರಿ! ದೇಹದ ಅತಿ ದೊಡ್ಡ ಅಂಗ ಯಾವುದೆಂದರೆ ಸಿಸಿಲಿಯಾ ಬಾಯಿ "ಚರ್ಮ" ಎಂದು ಹೇಳಿ, ಬಿಸಿಲಿಗೆ ಹೋಗುವಾಗ ಕ್ರೀಮ್ ಹಚ್ಚಿಕೊಳ್ಳಲು ಸಭೆಗೆಲ್ಲ ಆಜ್ಞೆ ಮಾಡಿದರು. ನರ್ಮದಾ ತೀರದಲ್ಲಿ ಇಮ್ಮಡಿ ಪುಲಕೇಶಿಗೆ ಸೋತ ಚಕ್ರವರ್ತಿ ಹರ್ಷ ಎಂದು ನಾನಂದೆ. ಷಟ್ಪದಿಗೆ ಆರು ಸಾಲು ಎಂದೂ ನಾನೇ. ಡೆಂಟಿಸ್ಟರ ಹಣೆಯಲ್ಲಿ ಬೆವರು ಕಂಡಿತು. ಏಸಿ ಇದ್ದೂ!

ಆಗ ಪುರಾಣದ ಸುತ್ತು.

"ತಂದೆಯೇ ತನ್ನ ಮಗನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸಿದ..."

ಚೀಂವ್ ಚೀಂವ್ ಚಿರ್‌ರ್‌ರ್!

"ಪ್ರಹ್ಲಾದ!" ಎಂದು ಎದ್ದು ನಿಂತೇ ಕೂಗಿದೆ. ಭಜನಾ ಮಂಡಳಿ ಚಪ್ಪಾಳೆ ತಟ್ಟಿತು.

"ಪ್ರಶ್ನೆ ಇನ್ನೂ ಇದೆ ಆಂಟಿ" ಎಂದ ಪ್ರಶಾಂತ, ಪಾಪ, ಮೆತ್ತಗೆ. "ಎಣ್ಣೆಯಿಂದ ಸುಡದೆ ಎದ್ದು ಬಂದು ಅರ್ಜುನನ ಜೊತೆ ಯುದ್ಧ ಮಾಡಿದ ವೀರ ಯಾರು?"

ಡಿಂಗ್‌ಡಾಂಗ್. "ಸುಧನ್ವ" ಎಂದರು ಡೆಂಟಿಸ್ಟ್.

ಪಕ್ಕದಲ್ಲಿ ಸಿಸಿಲಿಯಾ ಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನರಳಿದರು. "ಸುಧನ್ವ ಅಂತ ಹೇಳ್ಲಿಕ್ಕೆ ಬಾಯಿ ತೆರೆದೆ ಮಾರಾಯ್ರೆ! ಎಂತ ಅರ್ಜೆಂಟ್ ನಿಮಗೆ? ಬಸ್ ಹೋಗ್ತದಾ?"

"ಸಾರಿ ಸಾರಿ. ಮುಂದಿನದ್ದು ನಿಮ್ಮ ಡಿಪಾರ್ಟ್‌ಮೆಂಟು, ನಾನು ಹೇಳ್ಕೊಡ್ತೀನಿ."

ಮುಂದಿನ ಪ್ರಶ್ನೆ: "ಬೈಬಲಿನಲ್ಲಿ, ಗಂಡ ಸತ್ತ ಮೇಲೂ ಅತ್ತೆಯನ್ನು ಬಿಡದೆ, ತನ್ನ ದೇಶ ತೊರೆದು ಅತ್ತೆಯ ಊರಿಗೆ ಹೊರಟ ಸೊಸೆ ಯಾರು?"

ಫಾದರ್ ಮುಂದಿನ ಸಾಲಿನಲ್ಲಿ ಮುಗುಳ್ನಗುತ್ತಾ ಮುಂದಕ್ಕೆ ಬಾಗಿದರು. ಸಿಸಿಲಿಯಾ ಬಾಯಿ ಭಯಕ್ಕೇ ಬೆಲ್ ಒತ್ತಿಬಿಟ್ಟರು. ಗುಬ್ಬಿ ಚೀರಿತು. ಅವರ ಮುಖದಲ್ಲಿ ಮಾತ್ರ ಸೃಷ್ಟಿ, ಹಾವು, ಸೇಬು ಬಿಟ್ಟು ಬೇರೇನೂ ಇರಲಿಲ್ಲ.

ನಾನು ಮೇಜಿನ ಮೇಲಿದ್ದ ಹೂದಾನಿಯ ಮರೆಗೆ ಬಾಗಿ, ಒಪ್ಪಂದದ ಪ್ರಕಾರ ಪಿಸುಗುಟ್ಟಿದೆ. ಹೂದಾನಿಯ ಹಿಂದೆಯೇ ಮೈಕು ಇತ್ತು. ಆನ್ ಆಗಿತ್ತು!

"ರೂತ್... ರೂತ್ ಕಣ್ರೀ... ಬೇಗ ಹೇಳಿ, ನಿಮ್ಮ ಫಾದರ್ ನಿಮ್ಮನ್ನೇ ನೋಡ್ತಿದಾರೆ!" ಎಂದು ನನ್ನ ಪಿಸುಮಾತು ನಾಲ್ಕೂ ಸ್ಪೀಕರುಗಳಿಂದ ಗುಡುಗಿತು.

ಮೇಟ್ರನ್ ಅಲ್ಲವೇ, ಶಿಸ್ತು ಎಲ್ಲಿ ಹೋಗುತ್ತದೆ? ಸಿಸಿಲಿಯಾ ಬಾಯಿ ಅಷ್ಟಾದ ಮೇಲೂ ಸೆರಗು ಸರಿಮಾಡಿಕೊಂಡು, ಗಂಭೀರವಾಗಿ, "ರೂತ್" ಎಂದರು.

ಸಭಾಂಗಣ ನಗೆಯಲ್ಲಿ ಕುಸಿದುಬಿತ್ತು. ನನ್ನ ಮೊಮ್ಮಗಳು ಹಿಂದಿನ ಸಾಲಿನಿಂದ "ಅಜ್ಜೀ, ದ ಮೈಕ್! ದ ಮೈಕ್!" ಎಂದು ಕೂಗುತ್ತಿದ್ದಳು. ತಡವಾಗಿತ್ತು ಮಗೂ. ಫಾದರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಎದ್ದು ನಿಂತು, "ಸಿಸಿಲಿಯಾ ಬಾಯಿ, ಗೊತ್ತಿದ್ದವರು ಹೇಳ್ಲಿ ಅಲ್ವಾ! ದೇವರು ಅದಕ್ಕೆ ಮಾರ್ಕ್ ಕಟ್ ಮಾಡುದಿಲ್ಲ!" ಎಂದರು.

ಪ್ರಶಾಂತ ಮಾತ್ರ ಕಟ್ ಮಾಡಿದ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮಾನ ಪೂರ್ತಿ ಹೋದ ಮೇಲೆ ಮನುಷ್ಯರಿಗೆ ಎಷ್ಟು ಹಗುರ! ನಾವಿಬ್ಬರೂ ಕುರ್ಚಿ ಬದಲಿಸಿದೆವು, ಧರ್ಮವನ್ನೂ. ಬಭ್ರುವಾಹನನ ತಾಯಿ ಯಾರೆಂದರೆ ಸಿಸಿಲಿಯಾ ಬಾಯಿ "ಚಿತ್ರಾಂಗದೆ" ಎಂದವರೇ, ಅವನು ಅರ್ಜುನನನ್ನು ಬೀಳಿಸಿದ ಪ್ರಸಂಗವನ್ನು ಕೈಯಲ್ಲೇ ಅಭಿನಯಿಸಿದರು. ನಮ್ಮ ಭಜನಾ ಮಂಡಳಿ ಅವರಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನಗೆ ಒಮ್ಮೆಯೂ ಹಾಗೆ ತಟ್ಟಿದವರಲ್ಲ! ಯಾಕೋಬನು ಯೋಸೇಫನಿಗೆ ಏನು ಹೊಲಿಸಿಕೊಟ್ಟನೆಂದರೆ ನಾನು "ಬಣ್ಣಬಣ್ಣದ ನಿಲುವಂಗಿ" ಎಂದೆ. ಫಾದರ್ ಹೆಬ್ಬೆರಳು ತೋರಿಸಿದರು. ಒಂದು, ಇನ್ನೊಂದು, ಮತ್ತೊಂದು... ನಾವು ಡೆಂಟಿಸ್ಟರ ಸಮಕ್ಕೆ ಬಂದುಬಿಟ್ಟೆವು!

ಕೊನೆಯ ಪ್ರಶ್ನೆ. ಸರಿ ಹೇಳಿದವರಿಗೆ ಶೀಲ್ಡು, ತಪ್ಪಿದರೆ ಎದುರಾಳಿಗೆ. ಸಿಸಿಲಿಯಾ ಬಾಯಿ ನನ್ನ ಕೈ ಹಿಡಿದುಕೊಂಡರು. "ವಸಂತಕ್ಕ, ತಗಡಲ್ಲಿ ನನ್ನ ಹೆಸರು ಪೂರ್ತಿ ಹಿಡಿತದಾ?" ಎಂದು ಕೇಳಿದರು. ಈ ಸಲ ಮೈಕಿಗೆ ಕೇಳದಷ್ಟು ಮೆಲ್ಲಗೆ.

"ಹಿಡಿಯುತ್ತೆ. ಹಿಡಿಸ್ತೀನಿ" ಎಂದೆ.

"ನಾವೆಲ್ಲ ಬದುಕುತ್ತಿರುವ ಈ ಕುವೈತ್ ದೇಶದ ರಾಷ್ಟ್ರೀಯ..."

ಚೀಂವ್ ಚೀಂವ್ ಚಿರ್‌ರ್‌ರ್!

ಯಾರು ಒತ್ತಿದ್ದು ಎಂದು ನಾನೂ ಸುತ್ತ ನೋಡಿದೆ. ಬೆರಳು ನನ್ನದೇ! ಆದರೇನು, ಉತ್ತರ ಗೊತ್ತಿತ್ತಲ್ಲ. "ಗಿಡುಗ! ಫಾಲ್ಕನ್!" ಎಂದೆ.

ಪ್ರಶಾಂತ ಕೈಯಲ್ಲಿದ್ದ ಚೀಟಿಯನ್ನು ನೋಡಿದ, ನನ್ನನ್ನು ನೋಡಿದ, ಫಾದರ್ ಕಡೆ ನೋಡಿದ. ದೇವರೂ ಸಹಾಯ ಮಾಡುವ ಹಾಗಿರಲಿಲ್ಲ.

"...ಪುಷ್ಪ ಯಾವುದು, ಆಂಟಿ?"

ರಾಷ್ಟ್ರೀಯ ಪುಷ್ಪ! ಡೆಂಟಿಸ್ಟರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಅವರಿಗಿರಲಿಲ್ಲ. ನನ್ನ ಮೈನಸ್ಸೇ ಸಾಕಾಗಿತ್ತು. ಅವರು ಬಂದು ನಮ್ಮಿಬ್ಬರ ಕೈ ಕುಲುಕಿ ಶೀಲ್ಡ್ ಎತ್ತಿಕೊಂಡು ಹೋದರು. ಉತ್ತರ ಅರ್ಫಜ್ ಎಂದು ಪ್ರಶಾಂತ ಪರದೆಯ ಮೇಲೆ ಚಿತ್ರ ತೋರಿಸಿದ. ಮರಳಿನಲ್ಲಿ ಚಿಕ್ಕ ಪೊದೆ, ತುಂಬ ಹಳದಿ ಹೂವು.

ಸಿಸಿಲಿಯಾ ಬಾಯಿ ಮುಂದಕ್ಕೆ ಬಾಗಿ ಆ ಚಿತ್ರ ನೋಡಿದರು. ಈಗ ಅಳುತ್ತಾರೆ ಎಂದುಕೊಂಡೆ.

"ಅಯ್ಯೋ ದೆವಾ!" ಎಂದರು. "ಇದಾ? ಪ್ರತಿ ವರ್ಷ ಪಿಕ್ನಿಕ್‌ಗೆ ಹೋದಾಗ ಇದರ ಮೇಲೆಯೇ ಅಲ್ವಾ ನಾವು ಚಾಪೆ ಹಾಸಿ ಕೂತದ್ದು!"

ಆಮೇಲೆ ನಕ್ಕರು. ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರುವ ತನಕ. ನಾನೂ ನಕ್ಕೆ. ನನ್ನ ಕಣ್ಣಲ್ಲಿ ಮಾತ್ರ ನೀರು ಮೊದಲೇ ಬಂದಿತ್ತು.

ಸಮಾಧಾನಕರ ಬಹುಮಾನವೆಂದು ಪ್ರಶಾಂತ ನಮಗೆ ಆ ಗುಬ್ಬಿ ಬೆಲ್ಲನ್ನೇ ಕೊಟ್ಟಿದ್ದ. ಮರುದಿನ ಯಜಮಾನರು ಡ್ರಿಲ್ ಹಿಡಿದು ಅದನ್ನು ನಮ್ಮ ಬಾಗಿಲಿಗೆ ಹಾಕಿದರು. ಮೇಲಿದ್ದ ಸ್ಟಿಕ್ಕರ್ ತೆಗೆಯಲು ಹೋದಾಗ ನಾನು ಬಿಡಲಿಲ್ಲ. 'ಸಿಸಿಲಿಯಾ – ವಸಂತಾ' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಸಿಸಿಲಿಯಾ ಬಾಯಿ ಮೇಲಿನಿಂದ ಇಳಿದು ಬಂದು ತಪಾಸಣೆ ಮಾಡಿದರು, ವಾರ್ಡ್ ರೌಂಡ್ಸ್ ಬಂದವರ ಹಾಗೆ.

"ಮನೆ ನಿಮ್ಮದು. ಹೆಸರು ನನ್ನದು ಮೊದಲು ಉಂಟು" ಎಂದರು.

"ಆಲ್ಫಬೆಟಿಕಲ್ ಆರ್ಡರ್ ಕಣ್ರೀ."

"ಇರ್ಲಿ. ತೆಗೀಬೇಡಿ ಮತ್ತೆ."

ತೆಗೆದಿಲ್ಲ. ಈಗಲೂ ಡೆಲಿವರಿಗೆ ಬರುವ ಹುಡುಗರು ಗುಬ್ಬಿಯನ್ನು ಚೀರಿಸಿ "ಸಿಸಿಲಿಯಾ ಮೇಡಂ?" ಎಂದು ಕೇಳುತ್ತಾರೆ. ನಾನು ಹೌದು ಎಂದು ಪಾರ್ಸೆಲ್ ತೆಗೆದುಕೊಳ್ಳುತ್ತೇನೆ. ಅವರ ಮನೆಗೆ ಬೇರೆ ಯಾರೋ ಬಂದಿದ್ದಾರೆ, ಒಳ್ಳೆಯವರು, ಪಾಪ. ಅವರ ಬೆಲ್ಲು ಡಿಂಗ್‌ಡಾಂಗ್.

ಸಿಸಿಲಿಯಾ ಬಾಯಿ ಹೊರಟ ದಿನ ಏರ್‌ಪೋರ್ಟಿಗೆ ನಾವೇ ಬಿಡಲು ಹೋಗಿದ್ದೆವು. ದಾರಿಯುದ್ದಕ್ಕೂ ಅವರು ನಮ್ಮ ಯಜಮಾನರ ಬಿಪಿ ಮಾತ್ರೆ ಬಗ್ಗೆಯೇ ಮಾತಾಡಿದರು. ಇಳಿದ ಮೇಲೆ ಲಾರೆನ್ಸ್ ಟ್ರಾಲಿ ತಳ್ಳಿಕೊಂಡು ಮುಂದೆ ಹೋದರು. ಒಳಗೆ ನಮ್ಮನ್ನು ಬಿಡುವುದಿಲ್ಲ. ಸಿಸಿಲಿಯಾ ಬಾಯಿ ತೆರೆದ ಗಾಜಿನ ಬಾಗಿಲಿನ ಆಚೆ ಹೋಗಿ, ನಿಂತು, ತಿರುಗಿದರು. ಬಲಗೈ ಹೆಬ್ಬೆರಳನ್ನು ಎತ್ತಿ, ಗಾಳಿಯಲ್ಲಿ ಒಮ್ಮೆ ಒತ್ತಿದರು. ತುಟಿ 'ಚೀಂವ್' ಎಂದಂತೆ ಕಂಡಿತು. ಬೆಲ್ ಒತ್ತಿದವರೇ ಹೇಳಬೇಕು, ಅದು ರೂಲು. ಅವರು ಏನೋ ಹೇಳಲು ಬಾಯಿ ತೆರೆದರು.

ಜೀವಮಾನವಿಡೀ ಅರ್ಧಕ್ಕೇ ಬಾಯಿ ಹಾಕಿದವಳು ನಾನು. ಅವತ್ತು, ಒಂದೇ ಒಂದು ಸಲ, ಅವರು ಪೂರ್ತಿ ಹೇಳಲಿ ಎಂದು ಬಾಯಿ ಮುಚ್ಚಿಕೊಂಡು ಕಾದೆ.

ಅಷ್ಟರಲ್ಲಿ ಗಾಜಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.