ಡಬ್ಬಿ ಇಲ್ಲದ ಬಟನ್ ಬೋರ್ಡು

ಕೈಯಾರೆ ಏನನ್ನಾದರೂ ಮಾಡಿದವನಿಗೆ ಅದನ್ನು ಮುಚ್ಚಿಡಲು ಮನಸ್ಸು ಬರುವುದಿಲ್ಲ. ಈ ಕಾಯಿಲೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ನನ್ನನ್ನು ಸಾಕಿ ಬೆಳೆಸಿದ ಸೋದರತ್ತೆ ಗೌರಮ್ಮನಿಗೆ ಲಕ್ವಾ ಹೊಡೆದು ಮಾತು ನಿಂತುಹೋಯಿತು. ಎಡಗೈ ಮಾತ್ರ ಆಡುತ್ತಿತ್ತು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನಾನು ಸುಮ್ಮನಿರುವೆನೆ? ರಜೆಯ ದಿನ ಕುಳಿತು ನಾಲ್ಕು ಬಟನ್‌ಗಳ ಬೋರ್ಡೊಂದನ್ನು ಮಾಡಿ ಅವಳ ಮಂಚಕ್ಕೆ ಕಟ್ಟಿದೆ. ನೀರು, ಚಹಾ, ಬಚ್ಚಲು, ನೋವು; ಒಂದೊಂದಕ್ಕೂ ಹೊರಗೆ ಒಂದೊಂದು ಬಗೆಯ ಸದ್ದು.

“ಏನ್ರೀ, ಇದಕ್ಕೊಂದು ಡಬ್ಬಿ ಹಾಕ್ರಿ,” ಎಂದಳು ನನ್ನ ಹೆಂಡತಿ ಪಾರ್ವತಿ. ಡಬ್ಬಿ ಹಾಕಿದರೆ ನನ್ನ ಬೆಸುಗೆಯ ಕೆಲಸ ಯಾರಿಗೆ ಕಾಣಬೇಕು? ಅತ್ತೆಯನ್ನು ನೋಡಲು ಕಮಲಾಪುರದಿಂದ ಬಂದ ನೆಂಟರಿಗೆ ಮೊದಲು ವೈರುಗಳ ದರ್ಶನ, ಆಮೇಲೆ ಅತ್ತೆಯದು. “ಭಾಳ ಮಸ್ತ್ ಮಾಡಿಯಪ್ಪಾ,” ಎಂದು ಅವರು ಹೊಗಳುವಾಗ ಅತ್ತೆ ಜಂತಿ ನೋಡುತ್ತಾ ಮಲಗಿರುತ್ತಿದ್ದಳು.

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳವು. ಹೊಸಪೇಟೆಯ ನಮ್ಮ ರಸ್ತೆಬದಿಯ ಮನೆಯಲ್ಲಿ ಅನ್ನದ ಮೇಲೂ ಕೆಂಪು ಧೂಳು. ಅದು ಬೋರ್ಡಿನ ಮೇಲೆ ಕುಳಿತು, ಅತ್ತೆಯ ಕೈಬೆವರಿಗೆ ಅಂಟಿ, ಬಟನ್ ಒತ್ತದಿದ್ದರೂ ಸದ್ದು ಬರತೊಡಗಿತು. ಪಾರ್ವತಿ ಚಹಾ ಒಯ್ದರೆ ಅತ್ತೆ ಬೇಡವೆಂದು ತಲೆಯಾಡಿಸುವಳು. ನೀರು ಒಯ್ದರೂ ಅಷ್ಟೇ. ನಾನು ದಿನಕ್ಕೆರಡು ಸಲ ಹಳೆಯ ಬ್ರಷ್ಷಿನಿಂದ ಧೂಳು ಉಜ್ಜಿ, “ಈಗ ಸರಿ ಆತು ನೋಡು,” ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಪಾರ್ವತಿ ಸಂತೆಗೆ ಹೋಗಿದ್ದಳು. ಬಚ್ಚಲಿನ ಸದ್ದು ಬಂತು. ಧೂಳಿನದೇ ಕಾಟ ಎಂದುಕೊಂಡು ಪೇಪರಿನ ಪುಟ ತಿರುವಿದೆ. ಮತ್ತೆ ಬಂತು. ಬಹಳ ಹೊತ್ತು ಬಂದು, ಆಮೇಲೆ ನಿಂತಿತು. ಸಂತೆಯಿಂದ ಬಂದು ಒಳಗೆ ಹೋದ ಪಾರ್ವತಿ ಅಲ್ಲಿಂದಲೇ ಕೂಗಿದಳು: “ಮನ್ಯಾಗ ಇದ್ದೂ ಕೇಳಿಸ್ಲಿಲ್ಲೇನ್ರಿ? ಹಾಸಿಗಿ ಎಲ್ಲಾ ತೊಯ್ದೈತಿ!”

“ಧೂಳು ಅಂತ ತಿಳ್ಕೊಂಡೆ.”

ಅತ್ತೆ ಗೋಡೆಯ ಕಡೆ ಮುಖ ಮಾಡಿದ್ದಳು. ಚಿಕ್ಕಂದಿನಲ್ಲಿ ನಾನೆಷ್ಟು ಹಾಸಿಗೆ ಒದ್ದೆ ಮಾಡಿದ್ದೆನೋ, ಅವಳು ಒಮ್ಮೆಯೂ ಬೈದ ನೆನಪಿಲ್ಲ. “ತಪ್ಪಾತು, ಅತ್ತಿ,” ಎಂದೆ. ಅವಳು ತಿರುಗಲಿಲ್ಲ. ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಮರುದಿನವೇ ಗಟ್ಟಿಮುಟ್ಟಾದ ಡಬ್ಬಿ ತಂದು ಹಾಕಿದೆ. ಬೋರ್ಡು ಆಮೇಲೆ ಒಮ್ಮೆಯೂ ಸುಳ್ಳು ಹೇಳಲಿಲ್ಲ, ಏಕೆಂದರೆ ಅತ್ತೆ ಅದನ್ನು ಮುಟ್ಟಲೇ ಇಲ್ಲ. ಬೇರೆ ದಾರಿ ಕಾಣದೆ, ಶಿಫ್ಟು ಮುಗಿಸಿ ಬಂದವನು ಅವಳ ಮಗ್ಗುಲಲ್ಲೇ ಕುಳಿತುಕೊಳ್ಳತೊಡಗಿದೆ. ಅವಳ ಬೆರಳು, ಹುಬ್ಬು, ಕಣ್ಣು ಹೇಳುವುದು ನಿಧಾನವಾಗಿ ತಿಳಿಯಿತು. ತೀರಿಕೊಳ್ಳುವವರೆಗೂ ಅವಳು ಹೆಚ್ಚಾಗಿ ಕೇಳಿದ್ದು ಒಂದನ್ನೇ: ರಸ್ತೆಯ ಕಡೆಯ ಕಿಟಕಿ ಮುಚ್ಚು.

ಅದಕ್ಕೆ ನಾನು ಬಟನ್ನೇ ಇಟ್ಟಿರಲಿಲ್ಲ.