ಸೋಲೋ ಆದ ಮೊಮ್ಮಗ

ಆಗ ನನಗೆ ಎಪ್ಪತ್ತೆರಡು. ಇದಾಗಿ ಎರಡು ವರ್ಷ ಆಯ್ತು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಸಂಗೀತ ಎಂತ ಗೊತ್ತು ಎಂದು ನೀವು ಕೇಳಬಹುದು. ಗೊತ್ತಿಲ್ಲ. ಆದರೆ ಕಿವಿ ಉಂಟಲ್ಲ, ಅದಕ್ಕೆ ಬಾಗಿಲು ಇಲ್ಲ. ಕಾವೂರಿನ ನಮ್ಮ ಮನೆಯ ತಾರಸಿಯಲ್ಲಿ ಐದು ಹುಡುಗರು ವರ್ಷಗಟ್ಟಲೆ ಕಿರುಚಿದ್ದನ್ನೆಲ್ಲ ನಾನು ಕೇಳಿದ್ದೇನೆ. ಅದರಲ್ಲಿ ಒಬ್ಬ ನನ್ನ ಮಗಳ ಮಗ ಪ್ರಜ್ವಲ್. ತಂಡಕ್ಕೆ ಇಂಗ್ಲಿಷ್ ಹೆಸರು ಇತ್ತು. ಹಲ್ಲಿಲ್ಲದ ಬಾಯಿಗೆ ಅದು ಬರುವುದಿಲ್ಲ. ಐವರಿಗೂ ಬಿಳಿ ಶೂ, ಹಣೆ ಮುಚ್ಚುವ ಕೂದಲು. ಮೆಹಂದಿ, ಬರ್ತ್‌ಡೇ ಎಂದು ಕರೆದಲ್ಲೆಲ್ಲ ಹೋಗುತ್ತಿದ್ದರು. ಹಾಡನ್ನು ಪಾಲು ಮಾಡಿಕೊಂಡು ಹಾಡುವುದು ಅವರ ಕ್ರಮ. ಒಬ್ಬ ಒಂದು ಸಾಲು ಹೇಳಿ ಎಡಗಡೆಯವನನ್ನು ನೋಡುವುದು, ಅವನು ಮುಂದಿನ ಸಾಲು ಹೇಳುವುದು. ಮದುವೆಮನೆಯಲ್ಲಿ ಸಾಂಬಾರಿನ ಬಾಲ್ದಿ ದಾಟಿಸಿದ ಹಾಗೆ.

ಒಂದು ದಿನ ಪ್ರಜ್ವಲ್ ಬಂದು, “ಅಜ್ಜಿ, ನಾನಿನ್ನು ಸೋಲೋ,” ಎಂದ.

“ಹಾಗಂದ್ರೆ ಎಂತ?”

“ಒಬ್ಬನೇ ಹಾಡುವುದು. ಪೋಸ್ಟರ್ ಕೂಡ ಆಯ್ತು.”

ಪೋಸ್ಟರಿನಲ್ಲಿ ಕಪ್ಪು ಕನ್ನಡಕ ಹಾಕಿ, ಹೊಟ್ಟೆನೋವು ಬಂದವನ ಹಾಗೆ ನಿಂತಿದ್ದ. “ನಿನ್ನ ಅಜ್ಜ ಸತ್ತ ಮೇಲೆ ನಾನೂ ಸೋಲೋವೇ ಮಾರಾಯ. ನನಗೆ ಯಾರೂ ಪೋಸ್ಟರ್ ಹೊಡೆಸಲಿಲ್ಲ,” ಎಂದೆ.

ದುಬೈಯಲ್ಲಿರುವ ನನ್ನ ಮಗ ತಮಾಷೆಯವನಲ್ಲ. “ಶಕ್ತಿನಗರದಲ್ಲಿ ನೆಂಟರ ಮನೆಯ ಮೆಹಂದಿ ಉಂಟಲ್ಲ, ಅಲ್ಲಿ ಒಬ್ಬನೇ ಹಾಡಿ ತೋರಿಸಲಿ. ಜನ ಮೆಚ್ಚಿದರೆ ಹಾಡಿಕೊಂಡಿರಲಿ. ಇಲ್ಲದಿದ್ದರೆ ನನ್ನ ಅಂಗಡಿಯಲ್ಲಿ ಕೆಲಸ ಉಂಟು, ವೀಸಾ ಕಳಿಸ್ತೇನೆ,” ಎಂದು ಫೋನಿನಲ್ಲಿ ತೀರ್ಮಾನ ಹೇಳಿದ. ಸೋದರಮಾವನ ಮಾತು ಮೀರುವ ಕ್ರಮ ನಮ್ಮಲ್ಲಿಲ್ಲ. ನನಗೂ ಚಿಂತೆ ಹತ್ತಿತು. ಪ್ರೀತಿ ಎಂದು ತಿಳಿಯಬೇಡಿ. ಇವನು ಹೋದರೆ ನನಗೆ ಬಂಗುಡೆ ಮೀನು ತರುವವರು ಯಾರು?

ಮೆಹಂದಿಯ ಸಂಜೆ ನಾನು ಎದುರಿನ ಕುರ್ಚಿಯಲ್ಲೇ ಕೂತೆ. ಹೊಗೆ ಬಂತು, ಕೆಂಪು ಲೈಟು ಬಂತು, ಇವನು ಬಂದ. ಮೊದಲ ಸಾಲು ಚೆಂದ ಹಾಡಿದ. ಹಾಡಿ, ಎಡಗಡೆ ನೋಡಿದ. ಅಲ್ಲಿ ಸ್ಪೀಕರ್ ಇತ್ತು. ಸ್ಪೀಕರನ್ನೇ ನೋಡುತ್ತ ನಿಂತ. ಮ್ಯೂಸಿಕ್ ಮುಂದೆ ಹೋಯಿತು, ಇವನು ಹೋಗಲಿಲ್ಲ. ಪಕ್ಕದಲ್ಲಿದ್ದ ಮದುಮಗಳ ಅತ್ತೆ, “ಎಂತ, ಕರೆಂಟ್ ಹೋಯ್ತಾ?” ಎಂದರು.

“ಇಲ್ಲ, ಹುಡುಗನದ್ದು ಹೋಯ್ತು,” ಎಂದೆ.

ಅಷ್ಟರಲ್ಲಿ ಊಟದ ಕ್ಯೂವಿನಿಂದ ಎರಡನೇ ಸಾಲು ಕೇಳಿತು. ಹಳೇ ತಂಡದ ನಾಲ್ವರೂ ಅಲ್ಲಿದ್ದರು. ಅವರಿಗೆ ಇವನ ಮೇಲೆ ಸಿಟ್ಟು ಇತ್ತು, ಕೋರಿ ರೊಟ್ಟಿಯ ಮೇಲೆ ಇರಲಿಲ್ಲ. ಒಬ್ಬ ರೊಟ್ಟಿ ಜಗಿಯುತ್ತಲೇ ಅಭ್ಯಾಸಬಲದಿಂದ ತನ್ನ ಪಾಲು ಹಾಡಿಬಿಟ್ಟಿದ್ದ. ಇನ್ನೊಬ್ಬ ಪ್ಲೇಟು ಹಿಡಿದುಕೊಂಡೇ ಮೂರನೆಯದು ಹೇಳಿದ. ಕೊನೆಗೆ ಊಟಕ್ಕೆ ನಿಂತವರೆಲ್ಲ ಸೇರಿದರು. ಚಪ್ಪಾಳೆಯೋ ಚಪ್ಪಾಳೆ.

ಸ್ಟೇಜಿನಿಂದ ಇಳಿದು ಬಂದ ಸೋಲೋ ಗಾಯಕ, “ಅವರು ಗೆಸ್ಟ್ ಆರ್ಟಿಸ್ಟ್, ಅಜ್ಜಿ,” ಎಂದ. “ಹೌದು, ಕೈ ತೊಳೆಯದ ಗೆಸ್ಟ್,” ಎಂದೆ. ಈಗಲೂ ಹಾಗೆಯೇ ನಡೆಯುತ್ತಿದೆ: ಪೋಸ್ಟರಿನಲ್ಲಿ ಒಬ್ಬ, ಸ್ಟೇಜಿನಲ್ಲಿ ಐದು ಜನ.

ಆ ಮೆಹಂದಿಯ ಮರುದಿನ ಬೆಳಿಗ್ಗೆಯೇ ಮಗನ ಫೋನ್ ಬಂದಿತ್ತು. “ಹೇಗಾಯ್ತಮ್ಮ?”

“ಬಂದ ಜನರೆಲ್ಲ ಸೇರಿ ಹಾಡಿದ್ರು ಮಗಾ,” ಎಂದೆ. ಅದರಲ್ಲಿ ಸುಳ್ಳು ಎಂತ ಉಂಟು?

ಗಾಯಕನನ್ನು ಎಬ್ಬಿಸಿ ಮೀನಿಗೆ ಓಡಿಸಿದೆ. ಅವನು ತಂದ ಬಂಗುಡೆ ಕೊಯ್ಯುತ್ತ ಕೂತಾಗ ಆ ಹಾಳು ಹಾಡು ನನ್ನ ಬಾಯಿಗೂ ಬಂತು. ಒಂದು ಸಾಲು ಹೇಳಿ ಎಡಗಡೆ ನೋಡಿದೆ. ಬೆಕ್ಕು ಕೂತಿತ್ತು. ಅದಕ್ಕೆ ಹಾಡು ಬೇಡ, ತಲೆ ಬೇಕು. ಕೊಟ್ಟೆ.